ತವರಿನ ಬಳುವಳಿ

ವಳಕಮದಿನ್ನಿಯ ಶಿವಲಿಂಗಮ್ಮನ ಮಗ ಪವನನಿಗೆ ಈಗ ಹನ್ನೊಂದು ವರ್ಷ. ಮೈಯ ಸ್ನಾಯುಗಳು ಒಂದೊಂದೇ ಸೋಲುತ್ತ ಬಂದು, ಹೋದ ವರ್ಷದಿಂದ ಅವನಿಗೆ ನಿಲ್ಲಲೂ ಆಗುವುದಿಲ್ಲ. ಪಾಯಿಖಾನೆಗೆ, ಬಚ್ಚಲಿಗೆ, ಶಾಲೆಗೆ, ಮತ್ತೆ ಮನೆಗೆ ಎತ್ತಿ ಒಯ್ಯುವವಳು ಅವಳೇ. ನಡುವೆ ನೀರು, ಸಗಣಿ, ರೊಟ್ಟಿ, ಭತ್ತದ ನಾಟಿಯ ಕೂಲಿ. ಗಂಡ ಬಸ್ಸಪ್ಪ ಒಮ್ಮೆ, "ಹುಡುಗ ಭಾಳ ಭಾರ ಆಗ್ಯಾನ" ಎಂದಿದ್ದ. ಎಂದವನು ಹೊರಗೆ ಹೋಗಿ ಟ್ರ್ಯಾಕ್ಟರ್ ಹತ್ತಿದ್ದ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತಪರೀಕ್ಷೆಯ ಕಾಗದ ನೋಡಿ ಬಿಡಿಸಿ ಹೇಳಿದ್ದರು: "ಇದು ತಾಯಿಯಿಂದ ಬಳುವಳಿಯಾಗಿ ಬರ್ತದ. ಹೆಣ್ಣುಮಕ್ಕಳು ಒಳಗ ಹೊತ್ತಿರ್ತಾರ, ಅವರಿಗೆ ಗೊತ್ತಾಗಂಗಿಲ್ಲ. ಗಂಡುಮಕ್ಕಳಿಗೆ ಬಂದಾಗ ಎದ್ದು ಕಾಣ್ತದ."

ಅತ್ತೆ ಆದಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು. "ಮಂದಿ ಸೊಸ್ತೇರು ಬಳುವಳಿ ಅಂತ ಹಂಡೆ, ಕೊಡ ತರ್ತಾರ. ನಮ್ಮಾಕಿ ಏನ್ ತಂದಾಳ ನೋಡ್ರೆವ್ವಾ!" ಎಂದು ಓಣಿಗೆಲ್ಲ ಸಾರಿದಳು.

ಶಿವಲಿಂಗಮ್ಮನನ್ನು ಕೊರೆಯುತ್ತಿದ್ದದ್ದು ಅತ್ತೆಯ ಮಾತಲ್ಲ, ತಂಗಿ ಅಶ್ವಿನಿಯ ಚಿಂತೆ; ಆಕೆಯೂ ಅದನ್ನೇ ಒಳಗೆ ಹೊತ್ತಿರಬಹುದು. ಸಂತೆಕಲ್ಲೂರಿನ ತವರಿನಲ್ಲಿ ಅಶ್ವಿನಿಗೆ ಮಸ್ಕಿಯ ಗಂಡು ಗೊತ್ತಾಗಿತ್ತು, ಸೋಮವಾರ ನಿಶ್ಚಯ. ಭಾನುವಾರವೇ ಮಗನನ್ನು ಎತ್ತಿಕೊಂಡು ಬಸ್ಸು ಬದಲಿಸುತ್ತ ತವರಿಗೆ ಹೋದಳು.

ತಾಯಿ ಅಂಬಮ್ಮ ಎಲ್ಲ ಕೇಳಿ ಕೈ ಕೊಡವಿದಳು. "ಅದಕ್ಕಂತನ ಆಕೀನ ಸೋದರಮಾವನಿಗೆ ಕೊಡಲಾರದ ಹೊರಗ ಕೊಡಾಕತ್ತೀವಿ. ರಕ್ತ ಬ್ಯಾರೆ ಆತು, ಮುಗೀತು."

"ನನ್ನೂ ಹೊರಗನ ಕೊಟ್ಟಿದ್ದಿ ಬೇ ಯವ್ವಾ. ಗಂಡ ಯಾರಾದ್ರೂ ಅಷ್ಟ. ಇದು ನಮ್ಮೊಳಗಿಂದ ಬರೂದು. ನಿನ್ನ ಸಣ್ಣ ತಮ್ಮನೂ ಹಿಂಗ ಕಾಲು ಸೋತ ಸತ್ತದ್ದು, ದೆವ್ವದ ಗಾಳಿ ಬಡದಲ್ಲ."

"ನನ್ನ ಹೊಟ್ಟೀಗೆ ಬೈಯಾಕ ಬಂದೀಯೇನ?"

"ಅಶ್ವಿನಿಗೆ ಇದ್ರ ಇದ್ದೀತು, ಇಲ್ಲದಿದ್ರ ಇಲ್ಲ. ರಕ್ತ ಕೊಟ್ರ ಗೊತ್ತಾಗ್ತದ."

"ಕೊಟ್ಟದ್ದು ಬೀಗರಿಗೆ ಗೊತ್ತಾದ್ರ ಯಾರ್ ಮಾಡ್ಕೊಂತಾರ?"

ಹೊರಗಿನ ಕಟ್ಟೆಯಿಂದ ಪವನ ಕೂಗಿದ, "ಅವ್ವಾ, ಬಚ್ಚಲಕ್ಕ." ರೊಟ್ಟಿ ಬಡಿಯುತ್ತಿದ್ದ ಅಶ್ವಿನಿ, "ನೀ ಕುಂದ್ರಕ್ಕಾ" ಎಂದು ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. ಅವನನ್ನು ಎತ್ತಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಗೋಡೆ ಹಿಡಿಯಬೇಕಾಯಿತು. ಜೋತುಬಿದ್ದ ಅವನ ಕಾಲುಗಳು ಅವಳ ಮೊಣಕಾಲಿಗೆ ತಾಗುತ್ತಿದ್ದವು.

ತಿರುಗಿ ಬಂದವಳು ರೊಟ್ಟಿಗೆ ಕೂರಲಿಲ್ಲ. ಹಂಚಿನ ಮೇಲಿದ್ದದ್ದು ಕರಕಾಯಿತು.

"ರಕ್ತ ಎಲ್ಲಿ ಕೊಡಬೇಕಕ್ಕಾ?"

"ನಾಳಿ ಮಂದಿ ಬರ್ತಾರಲೇ!" ಎಂದಳು ಅಂಬಮ್ಮ.

"ಬರಬ್ಯಾಡ್ರಿ ಅಂತ ಫೋನ್ ಮಾಡು. ಇಲ್ಲಾಂದ್ರ ಬಂದ ಮ್ಯಾಲೆ ನಾನ ಹೇಳ್ತೀನಿ."

ಅಂಬಮ್ಮ ಫೋನ್ ಮುಟ್ಟಲಿಲ್ಲ, ಅಳಲೂ ಇಲ್ಲ. ಸಂಜೆ ಹೊರಟು ನಿಂತ ಶಿವಲಿಂಗಮ್ಮ ಪ್ರತಿ ಸಲದಂತೆ ಉಡಿ ತುಂಬಿಸಿಕೊಳ್ಳಲು ಸೆರಗು ಒಡ್ಡಿದಳು. ತಾಯಿ ಅಕ್ಕಿಯ ಮೊರ ಹಿಡಿದು ಬರಲಿಲ್ಲ. ಒಳಗಿನಿಂದಲೇ, "ಬಸ್ಸಿನ ಹೊತ್ತಾತು" ಎಂದಳು.

ಶಿವಲಿಂಗಮ್ಮ ಬರಿ ಸೆರಗನ್ನು ಬಿಗಿದು ಸಿಕ್ಕಿಸಿದಳು. ಬಗ್ಗಿ ಮಗನನ್ನು ಎತ್ತಿಕೊಂಡಳು.