ಬಸವಂತಪ್ಪ ಕಾಕಾ ಮತ್ತು ಮೊದಲ ಸಾಲಿನ ಕುರ್ಚಿ

ಬಸವಂತಪ್ಪ ಕಾಕಾ ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಈ ಹಿರಿಯರ ನೋಟಕ್ಕೆ ಮುಜುಗರಪಟ್ಟು ನಾನು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದೆ. ಅವರು ನಗುತ್ತಿದ್ದರು. “ಸೆರಗು ತಗಿಯವ್ವ. ಮಾತು ಅರಿವ್ಯಾಗ ಸಿಕ್ಕೊಂತಾವು.”

ಇರಕಲ್ಲಗಡದವರು. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ದುಡಿದರೂ ಒಮ್ಮೆಯೂ ನಾಯಕನಾಗಲಿಲ್ಲ. ಇಪ್ಪತ್ತರ ವಯಸ್ಸಿಗೇ ಬಿಳಿ ಮೀಸೆ ಅಂಟಿಸಿಕೊಂಡು ಮಾವನ ಪಾರ್ಟು ಮಾಡಿದವರು. ಆಮೇಲೆ ಗೌಡ, ಫೌಜದಾರ, ಹುಡುಗಿಯ ಅಪ್ಪ. ನಾಲ್ಕೈದು ಸಿನಿಮಾಗಳಲ್ಲಿ ಪಂಚಾಯ್ತಿ ಕಟ್ಟೆಯ ಹಿರಿಯ. “ಹೀರೋಗ ಮುದುಕ ಆಗೋ ಅಂಜಿಕಿ. ನಾ ಮೊದಲಿಂದನ ಮುದುಕ, ನನಗ್ಯಾತರ ಅಂಜಿಕಿ?” ಅನ್ನುತ್ತಿದ್ದರು.

ಅಂಜಿಕೆ ಇತ್ತು. ಒಂದು ದಿನ ಸಂತೆಯಿಂದ ಒಟ್ಟಿಗೆ ಬರುತ್ತಿದ್ದೆವು. ಬೆನ್ನಿಗೇ ಬಂದ ಟಂಟಂ ಹಾರ್ನ್ ಹೊಡೆಯಿತು. ನಾನು ಬೆಚ್ಚಿ ಪಕ್ಕಕ್ಕೆ ಸರಿದೆ. ಕಾಕಾ ಹಾಗೇ ನಡೆಯುತ್ತಿದ್ದರು. ತೋಳು ಹಿಡಿದು ಎಳೆದೆ. “ನನ್ನ ಮಾತೊಂದು ಬಿಟ್ಟು ಊರವರ ಮಾತೆಲ್ಲ ಕೇಳಸ್ತೈತಿ ಇವರಿಗೆ” ಎಂದು ಗಂಗವ್ವ ಕಾಕಿ ಗೊಣಗುವುದನ್ನು ಗಂಡಸರ ಸಾಮಾನ್ಯ ಸುದ್ದಿ ಅಂದುಕೊಂಡಿದ್ದೆ. ಅವತ್ತು ತಿಳಿಯಿತು.

“ಯಾರ ಮುಂದೂ ಅನಬ್ಯಾಡ ತಂಗಿ,” ಅಂದರು ಕಾಕಾ. “ಪರದೆ ಹಿಂದಿಂದ ಪ್ರಾಂಪ್ಟರ್ ಹೇಳೋದು ಕೇಳಲಾರದವನ್ನ ಯಾವ ಮಾಲಕ ಇಟ್ಕೊಂತಾನ? ಕಿವ್ಯಾಗ ಮಷೀನ್ ಇಟ್ಕೊಂಡು ಬಂದ್ರ ಗೌಡನ್ನ ನೋಡಿ ಮಂದಿ ನಗತಾರ.”

ಪಾರ್ಟು ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಪದ್ಯ ಕಲಿಸುವಾಗ ಮೊದಲು ದನಿಯಿಲ್ಲದೆ ಬರೀ ತುಟಿಯಲ್ಲಿ ಹೇಳಿಸುತ್ತಿದ್ದರು, ಒಂದೊಂದು ಅಕ್ಷರ ಬಿಡಿಸಿ. ಆ ಕಲಿಕೆ ಈಗ ಒದಗಿತು. ಕಾಕಾನ ಪಾರ್ಟಿನ ಮಾತೆಲ್ಲ ಬಾಯಿಪಾಠ ಮಾಡಿಕೊಂಡೆ. ಕಂಪನಿ ಹುಲಿಗಿಯಲ್ಲಿ ಟೆಂಟು ಹಾಕಿದಾಗ ಮಧ್ಯಾಹ್ನದ ಆಟಕ್ಕೆ ಹೋಗಿ ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಕುಳಿತೆ. ಅವರು ತಡವರಿಸಿದಾಗೆಲ್ಲ ನನ್ನ ತುಟಿ ನೋಡುತ್ತಿದ್ದರು.

ಮೂರನೇ ದಿನ, ಮಗಳ ಲಗ್ನ ಮುರಿಯುವ ದೃಶ್ಯದಲ್ಲಿ, ಒಬ್ಬಾಕೆ ಕೂಸಿಗೆ ಆಟ ತೋರಿಸಲು ಬಂದು ನನ್ನ ಮುಂದೆಯೇ ನಿಂತುಬಿಟ್ಟಳು. ಕಾಕಾ ಮಾತಿನ ನಡುವೆಯೇ ನಿಂತುಹೋದರು. ಪ್ರಾಂಪ್ಟರ್ ಮತ್ತೆ ಮತ್ತೆ ಹೇಳುವುದು ನನಗೇ ಕೇಳುತ್ತಿತ್ತು. ಕಾಕಾ ಬಡಿಗೆ ಊರಿಕೊಂಡು ಎರಡು ಹೆಜ್ಜೆ ಮುಂದೆ ಬಂದರು.

“ಏ ತಂಗಿ, ನನ್ನ ಮಗಳ ಲಗ್ನದ ಮಾತು ನಡದೈತಿ. ಕುಂತು ಕೇಳು. ನಾಳೆ ನೀನೂ ಬೀಗತಿ ಆಗಾಕಿನ.”

ಟೆಂಟೆಲ್ಲ ನಕ್ಕಿತು, ಆಕೆ ಕುಳಿತಳು, ಆಟ ಮುಂದೆ ಸಾಗಿತು. ಮಾಲೀಕರಂತೂ, “ಇದನ್ನ ದಿನಾ ಹೊಡೀರಿ ಮಾಸ್ತರ” ಅಂದರಂತೆ. ಬಡಿಗೆಯ ತುದಿ ಹಲಗೆಯ ಮೇಲೆ ನಡುಗುತ್ತಿದ್ದದ್ದು ಎಷ್ಟು ಜನರಿಗೆ ಕಂಡಿತೋ.

ಆ ವರ್ಷವೇ ಗಂಗಾವತಿ ಕಡೆ ಶೂಟಿಂಗ್ ಮಾಡಲು ಬಂದವರು ಅವರಿಗೊಂದು ದೊಡ್ಡ ಪಾರ್ಟು ಕೊಟ್ಟರು. ಡಬ್ಬಿಂಗ್‌ನಲ್ಲಿ ಮಾತು ಸೇರಿಸಲು ಬೆಂಗಳೂರಿಗೆ ಹೋದವರು ಮರುದಿನವೇ ತಿರುಗಿ ಬಂದರು. “ಕಿವಿಗೆ ಡಬ್ಬಿ ಹಾಕಿದ್ರು. ನಾ ಮಾತು ಹೇಳಿದೆ. ‘ಆತ್ರಿ ಮಾಸ್ತರ, ಹೋಗಿ ಬರ್ರಿ’ ಅಂದ್ರು. ಒಂದ ಸಲಕ್ಕ ಮುಗಿಸಿದೆ ನೋಡು.” ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಆ ಡಬ್ಬಿಯಲ್ಲಿ ಅವರಿಗೆ ಏನು ಕೇಳಿಸಿದ್ದೀತು?

ಸಿನಿಮಾ ಬಂದಾಗ ಕಾಕಾ, ಕಾಕಿ, ನಾನು ಮೂವರೂ ಗಂಗಾವತಿಗೆ ಹೋದೆವು, ಮುಂಜಾನೆಯ ಆಟಕ್ಕೆ. ಪರದೆಯ ತುಂಬ ಕಾಕಾನ ಮುಖ ಬಂತು, ಬಾಯಿ ತೆರೆಯಿತು. ಹೊರಬಂದದ್ದು ಯಾರದೋ ನಯವಾದ ದನಿ. ಕತ್ತಲಲ್ಲಿ ಕಾಕಿ ನನ್ನ ಕೈ ಹಿಡಿದರು. ಬಿಡಲೇ ಇಲ್ಲ.

ಇಂಟರ್ವಲ್‌ನಲ್ಲಿ ಕಾಕಾ ಮೆಟ್ಟಿಲ ಮೇಲೆ ನಿಂತು ಕೇಳಿದರು. “ನನ್ನ ಧ್ವನಿ ಹಿಂದಿನ ಸಾಲಿನ ಮಟ ಮುಟ್ಟಿತಿಲ್ಲ?”

ಕಾಕಿ ಚಹಾ ತರುವ ನೆವದಲ್ಲಿ ಆಚೆ ಹೋದರು. “ಮುಟ್ಟಿತು ಕಾಕಾ. ಭಾಳ ಛಲೋ ಬಂದೈತಿ,” ಅಂದೆ, ನಿಧಾನಕ್ಕೆ, ಒಂದೊಂದು ಅಕ್ಷರ ಬಿಡಿಸಿ. “ಹಂಗಾದ್ರ ಸಾಕು,” ಅಂದರು. ಅವರು ನಂಬಿದರೋ, ನನಗೋಸ್ಕರ ನಂಬಿದಂತೆ ನಟಿಸಿದರೋ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಆ ಸಿನಿಮಾ ಆಗಾಗ ಟೀವಿಯಲ್ಲಿ ಬರುತ್ತದೆ. ಕಾಕಿ ಗೋಡೆಯಾಚೆಯಿಂದ ನನ್ನನ್ನು ಕೂಗಿ ಕರೆಯುತ್ತಾರೆ. ಹೋಗುವಷ್ಟರಲ್ಲಿ ಟೀವಿಯ ಸದ್ದನ್ನು ಪೂರ್ತಿ ಇಳಿಸಿರುತ್ತಾರೆ.

“ಈಗ ನೋಡು,” ಅನ್ನುತ್ತಾರೆ. “ಈಗ ಅವರ ಧ್ವನಿ ಕೇಳಸ್ತೈತಿ.”