ಶುಕ್ರವಾರದ ಅಳತೆ

ಹಾಜಿ ಬೆಲ್ಖೀರ್ ನೀರು ಅಳೆಯಲು ಕುಳಿತರೆ ಸುತ್ತ ನಿಂತವರು ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಗುರಾರ ಸೀಮೆಯ ಆ ಮರಳೂರಿಗೆ ನೀರು ಬರುವುದು ಮುತ್ತಜ್ಜಂದಿರು ನೆಲದಡಿ ಅಗೆದ ಸುರಂಗದಿಂದ. ಊರಂಚಿನಲ್ಲಿ ಅದು ಹೊರಬಿದ್ದು, ಬಾಚಣಿಗೆಯಂತೆ ಹಲ್ಲು ಕೊರೆದ ಕಲ್ಲಿನಲ್ಲಿ ಪಾಲಾಗಿ, ಒಬ್ಬೊಬ್ಬರ ಖರ್ಜೂರದ ತೋಟಕ್ಕೆ ಹರಿಯುತ್ತದೆ. ಪಾಲಿಗೆ ಮೊದಲು ಹಾಜಿ ಕಾಲುವೆಗೆ ಅಡ್ಡಲಾಗಿ ತೂತುಗಳಿರುವ ತಾಮ್ರದ ತಟ್ಟೆ ಇಟ್ಟು, ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಬಿಸ್ಮಿಲ್ಲಾ ಎಂದು ಒಂದೊಂದೇ ತೂತು ಬಿಚ್ಚುತ್ತಿದ್ದರು. ತಟ್ಟೆಯ ಹಿಂದೆ ಕಟ್ಟಿದ ನೀರು ಏರದೆ ಇಳಿಯದೆ ಅದರ ಮೇಲಿನ ಗೀಟಿಗೆ ಸಮನಾಗಿ ನಿಂತಾಗ ಎಷ್ಟು ತೂತು ತೆರೆದಿವೆಯೋ, ಊರಿಗೆ ಅಷ್ಟು ನೀರು. ಮೂರು ವರ್ಷದಿಂದ ಇಪ್ಪತ್ತನಾಲ್ಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮೂರು ವರ್ಷದ ಮಾತು ಬಂದದ್ದು ಜಲ್ಲೂಲನಿಂದ. ನೀರು ಒಸರುವ ಸುರಂಗದ ತಲೆಯ ಹತ್ತಿರ, ಯಾರೂ ಕಾಲಿಡದ ಮರಳಿನಲ್ಲಿ ಅವನು ಮೂರು ವರ್ಷದ ಹಿಂದೆ ಬಾವಿ ತೋಡಿಸಿ, ಪಂಪು ಕೂರಿಸಿ, ವರ್ಷಕ್ಕೆರಡು ಬೆಳೆ ಟೊಮ್ಯಾಟೊ ತೆಗೆಯುತ್ತಿದ್ದ. ಊರ ಹತ್ತು ಮನೆಗೆ ಅಲ್ಲಿ ಕೆಲಸ ಸಿಕ್ಕಿತ್ತು. ಈಗ ಎರಡನೆಯ ಬಾವಿಗೆ ಒಪ್ಪಿಗೆ ಕೇಳಿದ್ದ. ಶುಕ್ರವಾರ ಊರ ಹಿರಿಯರು ಸೇರುವುದಿತ್ತು. ಹಾಜಿ ಏನೆನ್ನುತ್ತಾರೋ ಅದೇ ತೀರ್ಮಾನ.

ಮಂಗಳವಾರ ಮೆಬ್ರೂಕಾ ಅವರ ಬಾಗಿಲಿಗೆ ಬಂದಳು. ಕಾಲುವೆಯ ಕಟ್ಟಕಡೆಯ ತೋಟದ ವಿಧವೆ.

"ಹಾಜಿ, ನಿನ್ನ ತಟ್ಟೆಗೆ ಶುಕ್ರವಾರ ಮಾತ್ರ ಕಣ್ಣು ಕಾಣೋದಾ?"

"ಒಳಗೆ ಬಾ ತಾಯಿ. ಚಹಾ ಕುಡಿದು ಬೈಯಿ."

"ಶುಕ್ರವಾರ ನನ್ನ ತೊಟ್ಟಿ ಮಧ್ಯಾಹ್ನದ ನಮಾಜಿಗೆ ತುಂಬುತ್ತೆ. ಬುಧವಾರ ಇಳಿಹೊತ್ತಿನ ಅಸರ್ ಬಾಂಗ್ ಕೂಗಿದ್ರೂ ತುಂಬಲ್ಲ. ಕ್ಯಾರೆಟ್ ಸೊಪ್ಪು ಅತ್ತೆ ಮುಂದೆ ನಿಂತ ಸೊಸೆ ಥರ ತಲೆ ತಗ್ಗಿಸಿರುತ್ತೆ."

"ತೊಟ್ಟಿ ಸೋರ್ತಿರಬೇಕು."

"ಶುಕ್ರವಾರ ಮಾತ್ರ ಸೋರದ ತೊಟ್ಟಿ ಎಲ್ಲಾದ್ರೂ ಇದ್ರೆ ತೋರಿಸು, ನಾನೂ ಒಂದು ಕಟ್ಟಿಸ್ಕೊತೀನಿ."

ಅವಳು ಹೋದ ಮೇಲೆ ಹಾಜಿ ಚಹಾದ ಲೋಟ ಹಿಡಿದೇ ಕುಳಿತರು. ತಾನು ಶುಕ್ರವಾರವೇ ಅಳೆಯುವುದೇಕೆ? ಅಪ್ಪ ಹಾಗೇ ಮಾಡುತ್ತಿದ್ದರು. ಅಳತೆಯನ್ನು ಪಾಲುದಾರರೆಲ್ಲ ಕಣ್ಣಾರೆ ಕಾಣಬೇಕು, ಎಲ್ಲರೂ ಒಟ್ಟಿಗೆ ಸಿಗುವುದು ಜುಮ್ಮಾ ನಮಾಜು ಮುಗಿದ ಮೇಲೆ. ಸರಿ. ಆದರೆ ಜಲ್ಲೂಲನೂ ದೈವಭಕ್ತ. ಗುರುವಾರ ಬೆಳಿಗ್ಗೆಯೇ ಆಳುಗಳನ್ನು ಮನೆಗೆ ಕಳಿಸಿ ಪಂಪು ನಿಲ್ಲಿಸಿದರೆ ಮತ್ತೆ ಹಾಕುವುದು ಶನಿವಾರ. ಮೂರು ವರ್ಷವೂ ತಾನು ಅಳೆದದ್ದು ಪಂಪು ಮಲಗಿದ್ದಾಗಿನ ನೀರನ್ನು!

ಚಹಾ ಆರಿಹೋಗಿತ್ತು.

ಮರುದಿನ ಬುಧವಾರ. ಹಾಜಿ ಮೆಬ್ರೂಕಾಳನ್ನೂ ಜಲ್ಲೂಲನನ್ನೂ ಕಾಲುವೆಯ ಬಳಿ ಕರೆಸಿದರು. ಹತ್ತೊಂಬತ್ತು ತೂತಿಗೇ ನೀರು ಗೀಟಿನಲ್ಲಿ ನಿಂತಿತು.

"ಮಣ್ಣು ಸರಿಯಾಗಿ ಮೆತ್ತಿಲ್ಲ ಹಾಜಿ, ಕೆಳಗೆ ಸೋರ್ತಿದೆ," ಎಂದ ಜಲ್ಲೂಲ.

"ಹಾಗಾದ್ರೆ ನೀನೇ ಮೆತ್ತು."

ಜಲ್ಲೂಲ ಅಂಗಿತೋಳು ಮಡಚಿ, ಮೊಣಕಾಲೂರಿ, ಸಂದುಸಂದಿಗೂ ಮಣ್ಣು ತುಂಬಿದ. ಮತ್ತೆ ಹತ್ತೊಂಬತ್ತು. ಅವನು ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡ.

"ನಾನು ಯಾರ ನೀರನ್ನೂ ಕದ್ದಿಲ್ಲ."

"ಕದ್ದೆ ಅಂತ ಯಾರಂದ್ರು ಮಗನೇ? ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು. ಇನ್ನು ಬಾಯಿ ಮುಚ್ಕೊಂಡಿದ್ರೆ ಮಾತ್ರ ಇಬ್ಬರೂ ಕಳ್ಳರು."

ಶುಕ್ರವಾರ ಹಿರಿಯರ ಮುಂದೆ ಹಾಜಿ ತಟ್ಟೆಯನ್ನು ನೆಲದ ಮೇಲಿಟ್ಟು, ಮೂರು ವರ್ಷದ ತಮ್ಮ ತಪ್ಪನ್ನು ಇದ್ದದ್ದಿದ್ದಂತೆ ಹೇಳಿದರು. ಯಾರೋ ಹಿಂದಿನಿಂದ, "ಅಂದ್ರೆ ನಿನ್ನ ನೀರೂ ಜುಮ್ಮಾಕ್ಕೆ ಹೊಸ ಬಟ್ಟೆ ಹಾಕ್ಕೊಂಡು ಬರ್ತಿತ್ತು ಅನ್ನು," ಎಂದ. ಎಲ್ಲರೂ ನಕ್ಕರು. ಹಾಜಿಯೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು.

ಎರಡನೆಯ ಬಾವಿಗೆ ಒಪ್ಪಿಗೆ ಸಿಗಲಿಲ್ಲ. ಜಲ್ಲೂಲ ಕೇಳಿದ್ದು ಒಂದೇ ಮಾತು: "ಇರೋ ಬಾವಿಯಿಂದ ಎಷ್ಟು ಎತ್ತಬಹುದು, ಅದನ್ನಾದ್ರೂ ಹೇಳಿ."

"ಗೊತ್ತಿಲ್ಲ," ಎಂದರು ಹಾಜಿ. ನೀರು ಅಳೆದ ನಲವತ್ತು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. "ನೋಡೋಣ."

ಅಂದಿನಿಂದ ಎಲ್ಲ ದಿನವೂ ಅಳತೆಯ ದಿನವಾಯಿತು. ಜಲ್ಲೂಲ ಬೇಸಿಗೆಯ ಬೆಳೆ ಬಿಟ್ಟು, ಬೆಳಗಿನ ಹೊತ್ತು ಮಾತ್ರ ಪಂಪು ಹಾಕಿದ. ಐದು ಮನೆಯವರ ಕೆಲಸ ಹೋಯಿತು. ಅವರು ಹಾಜಿಗೆ ಸಲಾಂ ಹೇಳುವುದನ್ನು ಬಿಟ್ಟರು. ಅದನ್ನೂ ಹಾಜಿ ನೀರಿನ ಲೆಕ್ಕದ ಜೊತೆಗೇ ಮನಸ್ಸಿನಲ್ಲಿಟ್ಟುಕೊಂಡರು.

ಚಳಿಗಾಲದ ಒಂದು ಬುಧವಾರ ತಟ್ಟೆ ಇಪ್ಪತ್ತಮೂರಕ್ಕೆ ನಿಂತಿತು. ಕೆಳಗಿನ ತೋಟದಿಂದ ಮೆಬ್ರೂಕಾ ಕೂಗಿ ಹೇಳಿದಳು: "ತೊಟ್ಟಿ ತುಂಬಿತು ಹಾಜಿ, ಇನ್ನೂ ಅಸರ್ ಬಾಂಗ್ ಕೂಗಿಲ್ಲ!"

"ಸಾಕಲ್ವಾ?" ಎಂದ ಜಲ್ಲೂಲ, ಕೈಯ ಮಣ್ಣು ತೊಳೆಯುತ್ತ.

ಹಾಜಿ ಮುಚ್ಚಿಯೇ ಉಳಿದ ಆ ಇಪ್ಪತ್ತನಾಲ್ಕನೆಯ ತೂತನ್ನು ಬೆರಳಿನಿಂದ ಸವರಿದರು. "ಇದು ಹೀಗೇ ನಿಲ್ಲುತ್ತೋ, ಮುಂದಿನ ವರ್ಷ ಎರಡಾಗುತ್ತೋ, ಅಲ್ಲಾಹನಿಗೇ ಗೊತ್ತು. ನಾಳೆ ಗುರುವಾರ. ಪಂಪು ನಿಲ್ಲಿಸೋಕೆ ಮುಂಚೆ ಅಳೆಯೋಕೆ ಬಂದ್ಬಿಡು."