ಬಿಳಿ ಹೊಗೆ ನಿಲ್ಲುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಹಬೆಯಕ್ಕ ಗಾಜಿನ ಕಡ್ಡಿಯೊಂದನ್ನು ಆಮ್ಲದಲ್ಲಿ ಅದ್ದಿ, ಬಿಸಿ ತೊಟ್ಟಿಯ ಮೇಲೆ ಹಿಡಿದು ನಿಂತಿದ್ದಾರೆ. ಕಡ್ಡಿಯ ತುದಿಯಲ್ಲಿ ಬಿಳಿ ಹೊಗೆ ಏಳುತ್ತದೆ. "ಅಮೋನಿಯಾ ಇನ್ನೂ ಉಳ್ಕೊಂಡಿದೆ," ಎನ್ನುತ್ತ ತೊಟ್ಟಿಗೆ ಒಂದಿಷ್ಟು ಆಮ್ಲ ಬಿಟ್ಟು, ಕಲಕಿ, ಮತ್ತೆ ಕಡ್ಡಿ ಹಿಡಿಯುತ್ತಾರೆ. ಈ ತೊಟ್ಟಿ ಕೆಟ್ಟರೆ ನಾಳೆಯಿಂದ ಅವರು ಚೀಲ ಹೊಲಿಯುವ ಕೋಣೆಗೆ ಹೋಗಬೇಕು. ಮಾಲೀಕರು ಹಾಗೆಂದು ಹೇಳಿಯಾಗಿದೆ.

ಇಲ್ಲಿ ತಯಾರಾಗುವುದು ನವಸಾಗರ. ಟಾರ್ಚಿನ ಸೆಲ್ಲಿಗೂ ಪಾತ್ರೆಯ ಕಲಾಯಿಗೂ ಬೇಕಾಗುವ ಈ ಬಿಳಿ ಉಪ್ಪಿನ ಸ್ವಭಾವವೇ ವಿಚಿತ್ರ. ಕಾಯಿಸಿದರೆ ಕರಗದೆ ಹೊಗೆಯಾಗಿ ಎದ್ದು ಹೋಗುತ್ತದೆ, ನೀರಿಗೆ ಹಾಕಿದರೆ ಲೋಟವೇ ತಣ್ಣಗಾಗುತ್ತದೆ. ಅಮೋನಿಯಾ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸುವುದು ದೊಡ್ಡ ವಿಷಯವಲ್ಲ. ಎಲ್ಲಿ ನಿಲ್ಲಿಸಬೇಕು ಎನ್ನುವುದರಲ್ಲಿದೆ ಕಷ್ಟ. ಆಮ್ಲ ಹೆಚ್ಚಾದರೆ ಅದು ಕಬ್ಬಿಣದ ತೊಟ್ಟಿಯನ್ನೇ ತಿಂದು, ಉಪ್ಪು ಹಳದಿಗೆ ತಿರುಗುತ್ತದೆ. ಪರೀಕ್ಷೆಗೆ ಬಣ್ಣ ಬದಲಿಸುವ ಕಾಗದ ಸಿಗುತ್ತದೆ, ನಿಜ. ಹಬೆಯಕ್ಕನ ಮೂಗಿರುವಾಗ ಕಾಗದ ಯಾಕೆ ಎಂದು ಮಾಲೀಕರು ಅದನ್ನು ತರಿಸುವುದನ್ನೇ ಬಿಟ್ಟಿದ್ದರು.

ಆ ಮೂಗೇ ಕೈಕೊಟ್ಟಿತು. ಚಳಿಗಾಲದಲ್ಲಿ ಬಂದ ಜ್ವರ ಇಳಿಯಿತು, ಹೋದ ವಾಸನೆ ಮಾತ್ರ ಮರಳಲಿಲ್ಲ. "ಹೇಳಿದ್ರೆ ತೊಟ್ಟಿ ಕೈಬಿಟ್ಟು ಹೋಗುತ್ತೆ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಅಂದಾಜಿನಲ್ಲೇ ಸುರಿದೆ." ತೊಟ್ಟಿಗೆ ತೊಟ್ಟಿಯೇ ಹಳದಿಯಾಯಿತು. ಮಾಲೀಕರು ಆಮ್ಲ ತಂದುಕೊಟ್ಟವನ ಮೇಲೆ ಹರಿಹಾಯ್ದಾಗ ಹಬೆಯಕ್ಕನಿಗೆ ತಡೆಯಲಾಗಲಿಲ್ಲ. "ಅವನದೇನೂ ತಪ್ಪಿಲ್ಲ, ನನ್ನ ಮೂಗೇ ಸತ್ತಿದೆ ಅಂದ್ಬಿಟ್ಟೆ."

ಇನ್ನೊಂದೇ ಒಂದು ತೊಟ್ಟಿ ಕೊಡಿ ಎಂದು ಬೇಡಿಕೊಂಡವರೂ ಅವರೇ. ಅಮೋನಿಯಾ ಡಬ್ಬಿಯ ಪಕ್ಕದಲ್ಲಿ ಆಮ್ಲದ ಜಾಡಿ ತೆರೆದಾಗೆಲ್ಲ ನಡುವೆ ಬಿಳಿ ಹೊಗೆ ಏಳುವುದನ್ನು ಅವರು ಇಷ್ಟು ವರ್ಷ ಕಂಡೂ ಕಾಣದಂತಿದ್ದರು. "ಆ ಹೊಗೆನೂ ನವಸಾಗರನೇ ಅಲ್ವಾ? ಅಮೋನಿಯಾ ಮುಗಿದ್ರೆ ಹೊಗೆನೂ ನಿಲ್ಲಬೇಕು. ಮೂಗಿಲ್ಲದಿದ್ರೆ ಏನಾಯ್ತು, ಕಣ್ಣಿದೆಯಲ್ಲ."

ಕಡ್ಡಿಯ ಹೊಗೆ ತೆಳುವಾಗುತ್ತದೆ, ನೂಲಿನಷ್ಟಾಗುತ್ತದೆ, ಆಮೇಲೆ ಏಳುವುದೇ ಇಲ್ಲ. ಹಬೆಯಕ್ಕ ಥಟ್ಟನೆ ಆಮ್ಲದ ನಲ್ಲಿ ತಿರುಗಿಸಿ ಮುಚ್ಚುತ್ತಾರೆ. ಸೋಸಿ ಅಗಲ ತಟ್ಟೆಗಳಿಗೆ ಹೊಯ್ದದ್ದು ಮಧ್ಯಾಹ್ನದ ಹೊತ್ತಿಗೆ ತಣಿದು, ಗರಿಗರಿಯಾದ ಹರಳಾಗಿ ನಿಲ್ಲುತ್ತದೆ. ಹಾಲಿನಂಥ ಬಿಳುಪು. ಮಾಲೀಕರು ಚಿಟಿಕೆ ಹರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. "ನಾಳೆ ಸ್ವಲ್ಪ ಬೇಗ ಬಾಮ್ಮ, ಎರಡು ತೊಟ್ಟಿ ಉಪ್ಪು ತೆಗೆಯೋದಿದೆ," ಎಂದಷ್ಟೇ ಹೇಳಿ ಹೊರಟುಬಿಡುತ್ತಾರೆ. ಮೆಚ್ಚುಗೆಯ ವಿಷಯದಲ್ಲಿ ಅವರದು ಬಿಗಿ ಮುಷ್ಟಿ.

ಹಬೆಯಕ್ಕನಿಗೆ ಅಷ್ಟೇ ಸಾಕು. ಬಕೆಟ್ ಬೋರಲು ಹಾಕಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ. ವೈದ್ಯರಿಗೆ ತೋರಿಸಿದಿರಾ ಎಂದು ಕೇಳಿದರೆ, ತೋರಿಸಿದ್ದೂ ಆಯಿತು, ಬಂದರೆ ಬರಬಹುದು ಎಂದಿದ್ದಾರಂತೆ.

"ಕೆಲಸಕ್ಕೇನೋ ಕಡ್ಡಿ ಸಾಕು," ಎನ್ನುತ್ತಾರೆ. "ಮಗಳಿಗೆ ಹೋದ ತಿಂಗಳು ಹೆಣ್ಣು ಮಗು ಆಯ್ತು. ಅದರ ನೆತ್ತಿ ಮೂಸಿ ಮೂಸಿ ಎಲ್ಲರೂ ಏನೇನೋ ಹೇಳ್ತಾರೆ. ನಾನೂ ಮೂಸಿ, ಹೌದು ಹೌದು ಅಂತೀನಿ. ಒಂದೇ ಒಂದು ಸಲ ನಿಜವಾಗ್ಲೂ ಗೊತ್ತಾಗಬೇಕಿತ್ತು."